ಮನೆಯ ವಿಷಕ್ಕೆ ಮರಳುವ ದಾರಿ

(ಕಲಘಟಗಿ ತಾಲೂಕಿನ ದುಮ್ಮವಾಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ದತ್ತಿ ಉಪನ್ಯಾಸ ಅಂದರೆ ವಚನ, ಕೀರ್ತನೆ, ಜನಪದ ಹಾಡು, ಇಲ್ಲವೇ ಏಕೀಕರಣದ ಹೋರಾಟ ಎಂಬುದು ನಮ್ಮ ಕಡೆಯ ರೂಢಿ. ಕಸದ ಬಗ್ಗೆ ಮಾತಾಡುತ್ತೇನೆ ಅಂದಾಗ ಸಂಘಟಕರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಒಪ್ಪಿದರು, ಅವರಿಗೆ ಶರಣು. ಸಗಣಿ, ಮುಸುರಿ, ಕಣಕಿ, ಹೊಟ್ಟಿನ ವಿಚಾರ ನಾನು ನಿಮಗೆ ಹೇಳಬೇಕಾಗಿಲ್ಲ. ಅದನ್ನು ಗೊಬ್ಬರ ಮಾಡುವ ವಿದ್ಯೆ ನಿಮ್ಮದೇ. ನಾನು ಹೇಳಹೊರಟಿರುವುದು, ಅದೇ ತಿಪ್ಪಿಗೆ ಹೋಗಿ ಬಿದ್ದರೂ ಎಷ್ಟು ವರ್ಷವಾದರೂ ಕೊಳೆಯದ ಸಾಮಾನಿನ ಕಥೆ. ಕೆಟ್ಟ ಬಲ್ಬು, ಸತ್ತ ಸೆಲ್ಲು, ಒಡೆದ ಮೊಬೈಲು, ತಾರೀಖು ಮುಗಿದ ಗುಳಿಗಿ, ಬಣ್ಣದ ಡಬ್ಬಿ, ಬೆಳೆಗೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆದು ಉಳಿದ ಬಾಟಲಿ.

ಬ್ಯಾಸಗಿಯಲ್ಲಿ ತಿಪ್ಪಿ ಒಡೆದು ಟ್ರ್ಯಾಲಿಗೆ ಹೇರುವಾಗ ಒಂದು ಸಲ ಬಗ್ಗಿ ನೋಡಿ. ಕರಿ ಗೊಬ್ಬರದ ನಡುವೆ ಮಿಣಮಿಣ ಹೊಳೆಯುವುದು ಗುಳಿಗಿ ತೆಗೆದು ಒಗೆದ ಹಾಳಿ. ಸುರುಳಿ ಬಲ್ಬಿನ ಚೂರುಗಳಲ್ಲಿ ಒಳಮೈಗೆ ಬಿಳಿ ಪುಡಿ ಇನ್ನೂ ಅಂಟಿಕೊಂಡಿರುತ್ತದೆ. ಬ್ಯಾಟರಿ ಸೆಲ್ಲಿನ ತಗಡು ತುಕ್ಕು ತಿಂದು ಬಿರಿದಿರುತ್ತದೆ, ಬಿರುಕಿನಿಂದ ಬೂದುಬಣ್ಣದ ರಾಡಿ ಇಳಿದು ಸುತ್ತಲಿನ ಗೊಬ್ಬರವನ್ನು ಗಟ್ಟಿ ಹೆಂಟಿ ಮಾಡಿರುತ್ತದೆ. ಸಲಿಕೆಗೆ ಸಿಕ್ಕಿದ್ದನ್ನು ಬದುವಿಗೆ ಎಸೆಯುತ್ತೇವೆ, ಸಿಗದಿದ್ದದ್ದು ಹೊಲಕ್ಕೆ ಹೋಗುತ್ತದೆ. ಗೋವಿನಜೋಳದ ಸಾಲಿನಲ್ಲಿ ಬರಿಗಾಲಲ್ಲಿ ಕಸ ತೆಗೆಯುವ ಹೆಣ್ಣುಮಕ್ಕಳ ಕಾಲಿಗೆ ಆ ಗಾಜು ನೆಟ್ಟಾಗ ಅದು ಯಾರ ಮನೆಯ ಬಲ್ಬು ಎಂದು ಯಾರೂ ಕೇಳುವುದಿಲ್ಲ.

ಹುಬ್ಬಳ್ಳಿಯಿಂದ ಕಾರವಾರ ರಸ್ತೆ ಹಿಡಿದು ಈ ಕಡೆ ಬರುವವರಿಗೆ ಆ ಊರಿನ ಕಸದ ಗುಡ್ಡ ಗೊತ್ತು. ಬ್ಯಾಸಗಿ ಬಂದರೆ ಅದು ಹೊಗೆಯಾಡುತ್ತದೆ, ಪತ್ರಿಕೆಗೆ ಸುದ್ದಿಯಾಗುತ್ತದೆ, ಪಾಲಿಕೆಯ ಸಭೆಯಲ್ಲಿ ಗದ್ದಲವಾಗುತ್ತದೆ. ಧಾರವಾಡದ ಹೊಸಯಲ್ಲಾಪುರದ ಕಸದ ರಾಶಿಯದೂ ಅದೇ ಕಥೆ. ನಗರದ ಪಾಪ ಒಂದೇ ಕಡೆ ಗುಡ್ಡೆಯಾಗಿ ಬೀಳುವುದರಿಂದ ಕಣ್ಣಿಗೆ ಕಾಣುತ್ತದೆ. ಹಳ್ಳಿಯಲ್ಲಿ ಗುಡ್ಡ ಆಗುವುದಿಲ್ಲ. ಇಲ್ಲಿ ಅದು ಗೊಬ್ಬರದ ಜೊತೆ ಎಕರೆಗಟ್ಟಲೆ ಹರಡಿಕೊಳ್ಳುತ್ತದೆ, ಮಳೆಯಾದರೆ ಹಳ್ಳಕ್ಕೆ ಇಳಿಯುತ್ತದೆ. ಹುಬ್ಬಳ್ಳಿಗೆ ದಶಕಗಳ ಕಾಲ ಕುಡಿಯುವ ನೀರು ಕೊಟ್ಟ ನೀರಸಾಗರ ನಿಮ್ಮ ಮಗ್ಗುಲಲ್ಲೇ ಇದೆ. ನಿಮ್ಮ ಹಳ್ಳಗಳು ಸೇರುವ ಬೇಡ್ತಿಯ ನೀರು ಇಲ್ಲಿಂದ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎನ್ನಿಸಿಕೊಂಡು ಅಂಕೋಲೆಯ ಕಡೆ ಸಮುದ್ರ ಸೇರುತ್ತದೆ. ನದಿಯ ಮೇಲ್ದಂಡೆಯವರು ನೀವು. ನೀವು ಹಳ್ಳದಲ್ಲಿ ಎಣ್ಣಿ ಹೊಡೆದ ಪಂಪ್ ತೊಳೆದರೆ ಆ ನೀರು ಮುಂದೆ ಮತ್ತೊಬ್ಬರ ಕೊಡಕ್ಕೆ ಹೋಗುತ್ತದೆ.

ಈ ಸಾಮಾನಿನಲ್ಲಿ ನಿಜವಾಗಿ ವಿಷ ಯಾವುದು ಎಂದು ಕೇಳುವ ಹಕ್ಕು ನಿಮಗಿದೆ, ಏಕೆಂದರೆ ಎಲ್ಲದಕ್ಕೂ ಹೆದರಿಸುವ ಭಾಷಣ ಯಾರ ಉಪಯೋಗಕ್ಕೂ ಬರುವುದಿಲ್ಲ. ಈಗಿನ ಎಲ್‌ಇಡಿ ಬಲ್ಬಿನಲ್ಲಿ ಪಾದರಸ ಇಲ್ಲ. ಹಳೆಯ ಟ್ಯೂಬ್‌ಲೈಟು ಮತ್ತು ಸುರುಳಿ ಬಲ್ಬಿನಲ್ಲಿ ಕೆಲವು ಮಿಲಿಗ್ರಾಂ ಇರುತ್ತದೆ. 2015ರ ಕೊನೆಗೆ ನಮ್ಮ ರಾಜ್ಯದಲ್ಲಿ ‘ಹೊಸ ಬೆಳಕು’ ಯೋಜನೆ ಶುರುವಾಗಿ ಎಲ್‌ಇಡಿ ಮನೆಮನೆಗೆ ಬಂತು. ಬಂದ ಬಲ್ಬಿಗೆ ಲೆಕ್ಕ ಇಟ್ಟರು, ಅದು ಜಾಗ ಬಿಡಿಸಿದ ಸುರುಳಿ ಬಲ್ಬು ಎಲ್ಲಿಗೆ ಹೋಯಿತು ಎಂದು ನಿಮ್ಮನ್ನು ಯಾರಾದರೂ ಕೇಳಿದರೇ? ಪಾದರಸದ ಬಗ್ಗೆ ಮಿನಮಾಟಾ ಒಪ್ಪಂದ ಎಂಬ ಜಾಗತಿಕ ಕರಾರಿದೆ, ಭಾರತ ಅದನ್ನು 2018ರಲ್ಲಿ ಅಂಗೀಕರಿಸಿತು. ಕರಾರು ಜಿನೀವಾದಲ್ಲಿದೆ, ಬಲ್ಬು ಇನ್ನೂ ಅಟ್ಟದ ಮೇಲಿದೆ.

ಸೀಸದ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್ ಈ ಒಂದೇ ಲೋಹದ ಬೆನ್ನು ಹತ್ತಿದವರು. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ಕೈಗೊಂಡ ಅಧ್ಯಯನದಲ್ಲಿ ದೇಶದ ಏಳು ನಗರಗಳ ಸುಮಾರು 22,000 ಜನರ, ಹೆಚ್ಚಾಗಿ ಮಕ್ಕಳ, ರಕ್ತ ಪರೀಕ್ಷಿಸಿದರು. ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿ ಸೀಸ ಇತ್ತು. ಅದು ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದ ಕಾಲ. 2000ದಲ್ಲಿ ದೇಶವೆಲ್ಲ ಸೀಸವಿಲ್ಲದ ಪೆಟ್ರೋಲಿಗೆ ಬದಲಾಯಿತು. ಸೀಸದ ಕೆಡುಕು ಜ್ವರದಂತೆ ಎದ್ದು ಕಾಣುವುದಿಲ್ಲ. ಮಗು ಬೆಳೆಯುತ್ತದೆ, ಆಡುತ್ತದೆ, ಆದರೆ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಗಮನ ಕೂಡುವುದಿಲ್ಲ. ಮಾಸ್ತರು ಹುಡುಗ ದಡ್ಡ ಅನ್ನುತ್ತಾರೆ, ಅಪ್ಪ ಬೆತ್ತ ತೆಗೆಯುತ್ತಾನೆ. ಎಳೆಯ ಮೆದುಳಿಗೆ ಇಷ್ಟರವರೆಗೆ ಸೀಸ ನಡೆಯುತ್ತದೆ ಎಂಬ ಸುರಕ್ಷಿತ ಮಟ್ಟವನ್ನು ವಿಜ್ಞಾನ ಇವತ್ತಿಗೂ ಕಂಡಿಲ್ಲ.

ಪೆಟ್ರೋಲಿನಿಂದ ಹೋದ ಸೀಸ ಬ್ಯಾಟರಿಯಲ್ಲಿದೆ, ಹಳೆಯ ಡಬ್ಬಾ ಟಿವಿಯ ದಪ್ಪ ಗಾಜಿನಲ್ಲಿದೆ, ಹಳೆಯ ಬಣ್ಣದಲ್ಲಿದೆ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಮೊದಲು ಕೊಂಡ ಎನಾಮೆಲ್ ಡಬ್ಬಿ ಅಟ್ಟದಲ್ಲಿ ಉಳಿದಿದ್ದರೆ ಅದನ್ನು ಕಿಟಕಿಗೆ ಬಳಿಯಬೇಡಿ, ತೊಟ್ಟಿಲಿಗಂತೂ ಬೇಡವೇ ಬೇಡ. ಕಲಘಟಗಿ ತಾಲೂಕಿನಲ್ಲಿ ನಿಂತು ತೊಟ್ಟಿಲಿಗೆ ಯಾವ ಬಣ್ಣ ಎಂದು ಹೇಳುವುದು ಅಧಿಕಪ್ರಸಂಗ. ಅರಗಿನ ಬಣ್ಣದಲ್ಲಿ ದೇವಾನುದೇವತೆಗಳನ್ನು ಬರೆದ ತೊಟ್ಟಿಲನ್ನು ನಾಡಿಗೆಲ್ಲ ಕಳಿಸಿದ ಊರು ಕಲಘಟಗಿ. ಕೂಸು ಹಲ್ಲು ಬರುವಾಗ ಮೊದಲು ಕಚ್ಚುವುದು ತೊಟ್ಟಿಲ ಅಂಚನ್ನೇ ಎಂಬುದು ಅಲ್ಲಿ ತೊಟ್ಟಿಲು ಬರೆಯುವ ಚಿತ್ರಗಾರ ಮನೆತನಗಳಿಗೆ ನಿಯಮ ಬರುವ ಮೊದಲೇ ಗೊತ್ತಿತ್ತು.

ಈಗ ಬ್ಯಾಟರಿ. ಟ್ರ್ಯಾಕ್ಟರಿನ, ಇನ್ವರ್ಟರಿನ ದೊಡ್ಡ ಬ್ಯಾಟರಿಯನ್ನು ತಿಪ್ಪಿಗೆ ಎಸೆದವರನ್ನು ನೀವು ನೋಡಿದ್ದೀರಾ? ನಾನು ನೋಡಿಲ್ಲ. ಅದರಲ್ಲಿ ಕಿಲೋಗಟ್ಟಲೆ ಸೀಸವಿದೆ, ತೇಜಾಬು ಇದೆ, ನಾನು ಇಲ್ಲಿಯವರೆಗೆ ಹೆಸರಿಸಿದ ಎಲ್ಲದಕ್ಕಿಂತ ತೂಕದ ವಿಷ ಅದೇ. ಆದರೂ ಅದು ಬೀದಿಗೆ ಬೀಳುವುದಿಲ್ಲ. ಹೊಸದು ತರಲು ಹೋದಾಗ ಅಂಗಡಿಯವರು ಮೊದಲ ಮಾತಿಗೇ ಕೇಳುತ್ತಾರೆ, “ಹಳೇದು ತಂದೀರೇನ್ರಿ?” ತಂದರೆ ಒಂದು ರೇಟು, ತರದಿದ್ದರೆ ಇನ್ನೊಂದು. 2001ರ ಬ್ಯಾಟರಿ ನಿಯಮ ಹಳೆಯ ಬ್ಯಾಟರಿಯನ್ನು ವಾಪಸು ತೆಗೆದುಕೊಳ್ಳುವ ಹೊಣೆಯನ್ನು ಮಾರುವವರ ಮೇಲೆ ಹೊರಿಸಿತು. 2022ರ ನಿಯಮ ಅದನ್ನು ಮೊಬೈಲ್ ಬ್ಯಾಟರಿಯಿಂದ ವಿದ್ಯುತ್ ಗಾಡಿಯ ಬ್ಯಾಟರಿಯವರೆಗೆ ಎಲ್ಲ ಬಗೆಗೂ ಹಿಗ್ಗಿಸಿ ತಯಾರಕರನ್ನು ಹೊಣೆ ಮಾಡಿತು. ನಿಮಗೆ ಈ ನಿಯಮದ ಹೆಸರೂ ಬೇಕಾಗಿಲ್ಲ, ನಿಮ್ಮನ್ನು ನಡೆಸಿದ್ದು ರೊಕ್ಕ. ಗ್ಯಾಸ್ ಸಿಲಿಂಡರೂ ಹೀಗೆಯೇ ಮರಳುತ್ತದೆ. ಇವತ್ತು ನನ್ನ ಮಾತಿನ ಗಂಟು ಇರುವುದು ಇಲ್ಲಿಯೇ: ಬೆಲೆ ಕಟ್ಟಿದ ಸಾಮಾನು ಮರಳುತ್ತದೆ, ಕಟ್ಟದ್ದು ತಿಪ್ಪಿಗೆ ಬೀಳುತ್ತದೆ. ಹಳ್ಳಿಯವರಿಗೆ ಜಾಗೃತಿ ಇಲ್ಲ ಎಂದು ನಗರದಿಂದ ಬಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಇಲ್ಲದ್ದು ದಾರಿ. ಸಾಮಾನು ಊರಿಗೆ ಬರಲು ಕಂಪನಿ ದಾರಿ ಮಾಡಿತು, ಅಂಗಡಿ ಮಾಡಿತು, ಗೋಡೆಯ ಮೇಲೆ ಜಾಹೀರಾತು ಬರೆಸಿತು. ಹೊರಗೆ ಹೋಗಲು ಯಾರೂ ಮಾಡಲಿಲ್ಲ.

ಬೆಲೆ ಇದ್ದರೆ ಸಾಲದು ಎಂಬುದನ್ನೂ ಹೇಳಿಬಿಡಬೇಕು. ಸೈಕಲ್ ಮೇಲೆ, ಟಾಟಾ ಏಸ್‌ನಲ್ಲಿ ಊರೂರು ಸುತ್ತಿ ಗುಜರಿ ಕೊಳ್ಳುವ ಮೋಡಕಾದವರು ನಮ್ಮ ನಾಡಿಗೆ ಮಾಡುತ್ತಿರುವ ಉಪಕಾರಕ್ಕೆ ಯಾವ ಪ್ರಶಸ್ತಿಯೂ ಸಿಕ್ಕಿಲ್ಲ. ಆದರೆ ಅವರಿಗೆ ಬೇಕಾದ್ದು ತೂಕ. “ವಾಯರ್ ಇದ್ರ ಕೊಡ್ರಿ ಅಕ್ಕಾರ, ಬಲ್ಬ್ ಬ್ಯಾಡ್ರಿ” ಅನ್ನುತ್ತಾರೆ. ಆ ವಾಯರಿನಿಂದ ತಾಮ್ರ ತೆಗೆಯುವ ಸುಲಭದ ದಾರಿ ಬೆಂಕಿ. ಮೇಲಿನ ಪ್ಲಾಸ್ಟಿಕ್ಕಿನಲ್ಲಿ ಕ್ಲೋರಿನ್ ಇದೆ, ಅದು ಅರೆಬರೆ ಬೆಂಕಿಯಲ್ಲಿ ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹೊಗೆ ಹುಲ್ಲಿನ ಮೇಲೆ ಕೂತು, ಆಕಳ ಹೊಟ್ಟೆ ಸೇರಿ, ಹಾಲಿನ ಕೊಬ್ಬಿನಲ್ಲಿ ಮನೆಗೆ ಬರುತ್ತದೆ. ಸೀಸದ ಬ್ಯಾಟರಿಯೂ ಅಂಗಡಿಯಿಂದ ಪರವಾನಗಿ ಇರುವ ಕಾರ್ಖಾನೆಗೇ ಹೋಗುತ್ತದೆ ಎಂದು ನಂಬುವ ಹಾಗಿಲ್ಲ. ಊರಾಚೆ ಕದ್ದುಮುಚ್ಚಿ ಸೀಸ ಕರಗಿಸುವ ಭಟ್ಟಿಗಳು ದೇಶದ ಎಷ್ಟೋ ಕಡೆ ಇವೆ. ಅಂಗಡಿಯವರು ಹಳೆಯ ಬ್ಯಾಟರಿಗೆ ರಸೀದಿ ಕೊಡುತ್ತಾರೆಯೇ ನೋಡಿ. ನಾಲ್ಕು ರೂಪಾಯಿ ಹೆಚ್ಚು ಸಿಗುತ್ತದೆಂದು ದಾರಿಹೋಕರಿಗೆ ಕೊಡಬೇಡಿ.

ಮೊಬೈಲಿನ ದಾರಿ ಇನ್ನೂ ಉದ್ದ. ಬೆಂಗಳೂರಿನ ಗೋರಿಪಾಳ್ಯದ ಓಣಿಗಳಲ್ಲಿ ಹಳೆಯ ಕಂಪ್ಯೂಟರು, ಫೋನು ಬಿಚ್ಚುವ ಕಸುಬಿನ ಮೇಲೆ ಎಷ್ಟೋ ಕುಟುಂಬಗಳು ಬದುಕಿವೆ. ಹಟ್ಟಿ ಗಣಿಯಲ್ಲಿ ಒಂದು ಟನ್ ಅದಿರು ಅರೆದರೆ ಸಿಗುವ ಬಂಗಾರ ಕೆಲವೇ ಗ್ರಾಂ. ಒಂದು ಟನ್ ಹಳೆಯ ಫೋನಿನಲ್ಲಿ ಅದರ ಹತ್ತಾರು ಪಟ್ಟು ಇರುತ್ತದೆ. ಹೀಗಿರುವಾಗ ಆಸೆ ಹುಟ್ಟದೇ ಇರುತ್ತದೆಯೇ? ಬರಿಗೈಯಲ್ಲಿ ತೇಜಾಬಿನೊಳಗೆ ಫೋನಿನ ಸರ್ಕ್ಯೂಟ್ ಹಲಗೆ ಅದ್ದಿ ಬಂಗಾರ ಬಿಡಿಸಿ, ಉಳಿದ ತೇಜಾಬನ್ನು ಗಟಾರಕ್ಕೆ ಸುರಿಯುವುದು ಒಂದು ದಾರಿ. ಬೆಂಗಳೂರಿನಾಚೆ ಡಾಬಸ್‌ಪೇಟೆಯಲ್ಲಿ 2005ರಲ್ಲಿ ಪಿ. ಪಾರ್ಥಸಾರಥಿ ಅವರು ಕಟ್ಟಿದ ಇ-ಪರಿಸರ ಇನ್ನೊಂದು ದಾರಿ. ಸರಕಾರದ ಒಪ್ಪಿಗೆ ಪಡೆದು ದೇಶದಲ್ಲಿ ಮೊದಲು ಶುರುವಾದ ಇ-ತ್ಯಾಜ್ಯ ಘಟಕ ಅದು. ಅಲ್ಲಿ ಕೈಗವಸು ತೊಟ್ಟ ಕೆಲಸಗಾರರು ಮೇಜಿನ ಮೇಲೆ ಒಂದೊಂದೇ ಭಾಗ ಬಿಡಿಸುತ್ತಾರೆ: ಪ್ಲಾಸ್ಟಿಕ್ ಬೇರೆ, ಗಾಜು ಬೇರೆ, ಕಬ್ಬಿಣ ಬೇರೆ, ಹಲಗೆ ಬೇರೆ. ಜಗತ್ತಿನ ಲೆಕ್ಕ ಹೇಳುವುದಾದರೆ, 2022ರಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್, ಸರಿಯಾದ ಕ್ರಮದಲ್ಲಿ ಸಂಗ್ರಹವಾಗಿ ಮರುಬಳಕೆಯಾದದ್ದಕ್ಕೆ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ. ಇದು ವಿಶ್ವಸಂಸ್ಥೆಯ ವರದಿ. ಅಮೆರಿಕ, ಯುರೋಪು ಸೇರಿಸಿಯೂ ಇಷ್ಟೇ, ಆದ್ದರಿಂದ ದುಮ್ಮವಾಡದವರು ತಲೆ ತಗ್ಗಿಸಬೇಕಾಗಿಲ್ಲ.

ಕಾಯ್ದೆ ಏನು ಹೇಳುತ್ತದೆ? 2016ರ ಘನತ್ಯಾಜ್ಯ ನಿಯಮದಲ್ಲಿ ‘ಮನೆಯ ಅಪಾಯಕಾರಿ ತ್ಯಾಜ್ಯ’ ಎಂದು ಹೆಸರಿಟ್ಟು ಪಟ್ಟಿಯನ್ನೇ ಕೊಟ್ಟಿದ್ದರು: ಬಣ್ಣದ ಡಬ್ಬಿ, ಕೀಟನಾಶಕದ ಡಬ್ಬಿ, ಸುರುಳಿ ಬಲ್ಬು, ಟ್ಯೂಬ್‌ಲೈಟು, ಅವಧಿ ಮುಗಿದ ಔಷಧ, ಒಡೆದ ಪಾದರಸದ ಥರ್ಮಾಮೀಟರು, ಸೆಲ್ಲು, ಸೂಜಿ. ಇದನ್ನು ತಂದುಕೊಡಲು 20 ಚದರ ಕಿಲೋಮೀಟರಿಗೆ ಒಂದು ಕೇಂದ್ರ ಇರಬೇಕು ಎಂದೂ ಬರೆದಿದ್ದರು. ಎಲ್ಲಿ? ಪಟ್ಟಣ, ನಗರಗಳಲ್ಲಿ. ಕೀಟನಾಶಕದ ಡಬ್ಬಿ ಹೆಚ್ಚು ಬೀಳುವುದು ಹುಬ್ಬಳ್ಳಿಯ ವಿದ್ಯಾನಗರದಲ್ಲೋ ದುಮ್ಮವಾಡದ ಬದುವಿನಲ್ಲೋ ಎಂದು ನಿಯಮ ಬರೆದವರಿಗೆ ಹೊಳೆಯಲಿಲ್ಲ. 2026ರ ಜನವರಿಯಲ್ಲಿ ಪ್ರಕಟವಾಗಿ ಏಪ್ರಿಲ್ 1ರಿಂದ ಜಾರಿಯಾದ ಹೊಸ ನಿಯಮ ಕಸವನ್ನು ಹಸಿ, ಒಣ, ನೈರ್ಮಲ್ಯದ ಕಸ, ವಿಶೇಷ ಕಾಳಜಿಯ ಕಸ ಎಂದು ನಾಲ್ಕು ಪಾಲು ಮಾಡಲು ಹೇಳುತ್ತದೆ. ಇವತ್ತು ನಾವು ಮಾತಾಡುತ್ತಿರುವ ಬಹಳಷ್ಟು ಸಾಮಾನು ಆ ನಾಲ್ಕನೆಯ ಪಾಲು. ಇ-ತ್ಯಾಜ್ಯದ 2022ರ ನಿಯಮದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೊದಲಿನ ನಿಯಮದಲ್ಲಿ ಕಂಪನಿಗಳು ಸಂಗ್ರಹ ಕೇಂದ್ರಗಳನ್ನು ತೋರಿಸಬೇಕಿತ್ತು. ಈಗ ಮರುಬಳಕೆ ಕಾರ್ಖಾನೆಯಿಂದ ಇಷ್ಟು ಟನ್ನಿಗೆ ಪ್ರಮಾಣಪತ್ರ ಕೊಂಡರೆ ಕಂಪನಿಯ ಹೊಣೆ ತೀರುತ್ತದೆ. ಕಾರ್ಖಾನೆಗೆ ಬೆಂಗಳೂರಿನ ಕಚೇರಿಗಳಿಂದಲೇ ಟನ್ನುಗಟ್ಟಲೆ ಸಿಗುವಾಗ, ಒಂದು ಚೀಲ ಚಾರ್ಜರಿಗಾಗಿ ಕಲಘಟಗಿ ತಾಲೂಕಿಗೆ ಗಾಡಿ ಕಳಿಸುವವರು ಯಾರು? ಕಾಗದದ ಮೇಲೆ ಲೆಕ್ಕ ಚುಕ್ತಾ, ಹಳ್ಳಿಯ ಅಟ್ಟ ಹಾಗೇ ಇದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ನಿಲ್ಲಬೇಕಾದ್ದು ಎಣ್ಣಿಯ ಡಬ್ಬಿಯ ಹತ್ತಿರ.

2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೋನೋಕ್ರೋಟೊಫಾಸ್ ಎಂಬ ಕೀಟನಾಶಕ ಇತ್ತು. ಆ ಎಣ್ಣೆಯನ್ನು ಕೀಟನಾಶಕ ತುಂಬಿದ್ದ ಡಬ್ಬಿಯಲ್ಲಿ ಇಟ್ಟಿದ್ದರು ಎಂಬುದು ತನಿಖೆಯಲ್ಲಿ ಹೊರಬಂತು. ಅಡುಗೆಯವಳು ಎಣ್ಣೆಯ ಬಣ್ಣ, ವಾಸನೆ ಬೇರೆ ಇದೆ ಅಂದಿದ್ದಳು, ಆಕೆಯ ಮಾತು ನಡೆಯಲಿಲ್ಲ. ಹತ್ತಿ ಬೆಳೆದ ನಮ್ಮ ಸೀಮೆಗೆ ಮೋನೋಕ್ರೋಟೊಫಾಸ್ ಎಷ್ಟು ಪರಿಚಿತ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಡಬ್ಬಿ ಗಟ್ಟಿ ಇರುತ್ತದೆ, ಮುಚ್ಚಳ ಬಿಗಿ ಇರುತ್ತದೆ, ತೊಳೆದರೆ ಹೊಸದರಂತೆ ಕಾಣುತ್ತದೆ. ಚಿಮಣಿ ಎಣ್ಣೆಗೆ, ಹೊಲಕ್ಕೆ ನೀರು ಒಯ್ಯಲು, ಕಾಳು ಇಡಲು ಅದನ್ನು ಬಳಸಿದ ಮನೆಗಳನ್ನು ನಾನು ಇಡೀ ಜಿಲ್ಲೆಯಲ್ಲಿ ಕಂಡಿದ್ದೇನೆ. ಲೇಬಲ್ಲಿನ ಮೇಲೆ ಓರೆಯಾಗಿ ನಿಂತ ಚೌಕ ಇರುತ್ತದಲ್ಲ, ಅದರ ಬಣ್ಣ ಕೆಂಪಾಗಿದ್ದರೆ ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರೂ ವಿಷವೇ. ಓದು ಬಾರದವರಿಗೂ ತಿಳಿಯಲಿ ಎಂದು ಮಾಡಿದ ಗುರುತು ಅದು. ಮಕ್ಕಳೇ, ಇದನ್ನು ಮನೆಯ ಅಜ್ಜ ಅಜ್ಜಿಗೆ ನೀವು ತೋರಿಸಿಕೊಡಿ.

1971ರ ಕೀಟನಾಶಕ ನಿಯಮಗಳಲ್ಲಿ ಖಾಲಿ ಡಬ್ಬಿಯ ಬಗ್ಗೆ ಒಂದು ನಿಯಮ ಇದೆ, 44ನೆಯದು. ಮತ್ತೆ ಬಳಸಲು ಆಗದಂತೆ ಒಡೆದು, ಜನವಸತಿಯಿಂದ ದೂರ ಹೂಳಬೇಕು ಎನ್ನುತ್ತದೆ. ಆಗ ಅದು ಸರಿ ಇದ್ದಿರಬಹುದು. ಇವತ್ತು ಹೊಲಕ್ಕೊಂದು ಬೋರು ಇರುವಾಗ, ಹೂತ ವಿಷ ಎಷ್ಟು ದೂರದಲ್ಲಿದೆ ಎಂದು ಅಳೆಯುವುದು ಹೇಗೆ? ಹೂಳಿದರೆ ಏನಾಗುತ್ತದೆ, ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದವರೇ ಅನುಭವಿಸಿದ ಒಂದು ಉದಾಹರಣೆ ಇದೆ.

ಕಾಸರಗೋಡು ಜಿಲ್ಲೆಯ ಗಡಿಯಲ್ಲಿ ಎಣ್ಮಕಜೆ ಪಂಚಾಯತಿ, ಅದರಲ್ಲಿ ಪಡ್ರೆ, ಸ್ವರ್ಗ ಎಂಬ ಊರುಗಳು. ಕನ್ನಡ, ತುಳು ಆಡುವ ಜನ. ಸುತ್ತಲಿನ ಗುಡ್ಡಗಳಲ್ಲಿ ಕೇರಳ ತೋಟಗಾರಿಕೆ ನಿಗಮದ ಗೇರು ತೋಟ. 1970ರ ದಶಕದ ಕೊನೆಯಿಂದ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಆ ತೋಟಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಕೃಷಿಕ ಪತ್ರಕರ್ತ ಶ್ರೀ ಪಡ್ರೆ ಅವರು 1979ರಷ್ಟು ಹಿಂದೆಯೇ ಕಾಲು ಸೊಟ್ಟಾಗಿ ಹುಟ್ಟಿದ ಕರುಗಳ ಬಗ್ಗೆ ಬರೆದರು. ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮ ಬಳಿ ಬರುವ ಕಾಯಿಲೆಗಳಲ್ಲಿ ಒಂದು ಸಾಲು ಕಾಣುತ್ತಿದೆ ಎಂದು ಗುರುತಿಸಿ ಕೂಗಿ ಹೇಳಿದರು. ಅದೇ ಜಿಲ್ಲೆಯ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. 2000ದಲ್ಲಿ ಸಿಂಪಡಣೆ ನಿಂತಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಎಂಡೋಸಲ್ಫಾನ್ ತಡೆಯಿತು. ಈ ಕಥೆಯ ಇಷ್ಟು ಭಾಗ ನಿಮಗೆ ಗೊತ್ತಿರಬಹುದು.

ಗೊತ್ತಿಲ್ಲದ ಭಾಗ, ಉಳಿದ ಎಂಡೋಸಲ್ಫಾನಿನದು. ಸಿಂಪಡಣೆ ನಿಂತ ದಿನ ಗೋದಾಮಿನಲ್ಲಿ ಬ್ಯಾರಲ್ಲುಗಳು ತುಂಬಿದ್ದವು. ಪೆರಿಯ, ರಾಜಪುರಂ, ಚೀಮೇನಿಯ ಗೋದಾಮುಗಳಲ್ಲಿ ಅವು ವರ್ಷಗಟ್ಟಲೆ ಬಿದ್ದಿದ್ದವು. ಕಬ್ಬಿಣ ತುಕ್ಕು ಹಿಡಿಯಿತು, ಸೋರತೊಡಗಿತು. ಸಿಂಪಡಣೆ ನಿಂತು ಹನ್ನೆರಡು ವರ್ಷ ಕಳೆದ ಮೇಲೆ, 2012ರಲ್ಲಿ, ಮೈತುಂಬ ರಕ್ಷಾಕವಚ ತೊಟ್ಟ ಪರಿಣತರು ಬಂದು ಅದನ್ನು ಹೊಸ ಪ್ಲಾಸ್ಟಿಕ್ ಬ್ಯಾರಲ್ಲುಗಳಿಗೆ ಬದಲಾಯಿಸಿದರು. ಆ ಕೆಲಸಕ್ಕೆ ‘ಬ್ಲಾಸಂ ಸ್ಪ್ರಿಂಗ್’ ಎಂದು ಹೂವಿನಂಥ ಹೆಸರು ಇಟ್ಟಿದ್ದರು! ಬದಲಾಯಿಸಿದ್ದು ಪಾತ್ರೆಯನ್ನು ಮಾತ್ರ, ವಿಷವನ್ನಲ್ಲ. ಇದರ ಜೊತೆಗೆ ಉಳಿದ ವಿಷವನ್ನು ಮಿಂಚಿನಪದವಿನ ಪಾಳು ಬಾವಿಯಲ್ಲಿ ಹೂತಿದ್ದಾರೆ ಎಂಬ ದೂರೂ ಎದ್ದಿತು. ಮಿಂಚಿನಪದವು ಕರ್ನಾಟಕದ ಗಡಿಗೆ ಅಂಟಿಕೊಂಡ ಗುಡ್ಡ, ಅಲ್ಲಿ ಇಂಗಿದ ನೀರಿಗೆ ರಾಜ್ಯದ ಗಡಿ ಗೊತ್ತಿಲ್ಲ. ಉಡುಪಿಯ ಡಾ. ರವೀಂದ್ರನಾಥ ಶಾನುಭಾಗರು ಆ ದೂರನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಒಯ್ದ ಮೇಲೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು ಮಣ್ಣು, ನೀರಿನ ಮಾದರಿ ತೆಗೆದರು. ಅಷ್ಟರಲ್ಲಿ ಸಿಂಪಡಣೆ ನಿಂತು ಎರಡು ದಶಕ ದಾಟಿತ್ತು.

ಒಂದು ನಿಗಮಕ್ಕೆ, ಒಂದು ಸರಕಾರಕ್ಕೆ ಕೆಲವು ಬ್ಯಾರಲ್ ಉಳಿಕೆ ವಿಷ ಇಷ್ಟು ವರ್ಷ ನೀಗದೆ ಹೋಯಿತು. ಹಾಗಿರುವಾಗ ಅರ್ಧ ಬಾಟಲಿ ಉಳಿಸಿಕೊಂಡ ರೈತನೊಬ್ಬ ತಾನೇ ಅದನ್ನು ‘ಸುರಕ್ಷಿತವಾಗಿ ವಿಲೇವಾರಿ’ ಮಾಡಬೇಕು ಎಂದು ಲೇಬಲ್ಲಿನ ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ಬರೆಯುವುದು ನ್ಯಾಯವೇ?

ಬ್ರೆಜಿಲ್ ದೇಶದವರು ಈ ಹೊಣೆಯನ್ನು ಹಂಚಿದರು. 2000ದಲ್ಲಿ ಅಲ್ಲಿ ಒಂದು ಕಾನೂನು ಬಂತು. ಅಂಗಡಿಯವರು ಕೀಟನಾಶಕದ ಬಿಲ್ಲಿನ ಮೇಲೆಯೇ ಖಾಲಿ ಡಬ್ಬಿ ಎಲ್ಲಿಗೆ ಮರಳಿಸಬೇಕು ಎಂದು ಬರೆಯಬೇಕು. ರೈತ ಅದನ್ನು ಮೂರು ಸಲ ತೊಳೆದು, ತಳಕ್ಕೆ ತೂತು ಹಾಕಿ, ಒಂದು ವರ್ಷದೊಳಗೆ ಅಲ್ಲಿಗೆ ಮುಟ್ಟಿಸಿ ರಸೀದಿ ತೆಗೆದುಕೊಳ್ಳಬೇಕು. ಅಲ್ಲಿಂದ ಮುಂದಿನ ಸಾಗಾಟ, ಕರಗಿಸುವಿಕೆ, ಖರ್ಚು ಎಲ್ಲ ಕಂಪನಿಗಳದು. ಅದಕ್ಕಾಗಿ ಅವು ಸೇರಿ ಒಂದು ಸಂಸ್ಥೆ ಕಟ್ಟಿಕೊಂಡಿವೆ. ಅಲ್ಲಿ ಮಾರಾಟವಾದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಹತ್ತಕ್ಕೆ ಒಂಬತ್ತು ಮರಳುತ್ತವೆ. ಅಷ್ಟು ದೂರ ಹೋಗುವುದು ಬೇಡ ಅನ್ನುವವರಿಗೆ ನೀಲಗಿರಿ ಹತ್ತಿರ. ಕಾಡಿನಲ್ಲಿ ಒಡೆದ ಬಾಟಲಿಗಳು ಆನೆಯ ಪಾದಕ್ಕೆ ಚುಚ್ಚುತ್ತಿವೆ ಎಂದು ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ 2022ರಲ್ಲಿ ಅಲ್ಲಿಯ ಸರಕಾರಿ ಹೆಂಡದಂಗಡಿಗಳು ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದವರಿಗೆ ಅದನ್ನು ಮರಳಿ ಕೊಡತೊಡಗಿದವು. ಬಹುಪಾಲು ಬಾಟಲಿ ಮರಳಿ ಬಂದವು. ಕುಡಿದವರಿಗೇ ಬಾಟಲಿ ಮರಳಿಸುವ ನೆನಪಿರುವಾಗ ನಿಯತ್ತಿನ ರೈತನಿಗೆ ಇರುವುದಿಲ್ಲವೇ? 10 ರೂಪಾಯಿ ಇಡುವವರು ಬೇಕು, ಅಷ್ಟೇ.

ಸರಕಾರ ಅದನ್ನು ಮಾಡುವವರೆಗೆ ಮನೆಯಲ್ಲಿ ಏನು ಮಾಡುವುದು? ಎಣ್ಣಿ ಬೇಕಾದಷ್ಟೇ ತನ್ನಿ. ಒಬ್ಬರಿಗೆ ಉಳಿದದ್ದು ಅದೇ ಪೀಕಿನ ಪಕ್ಕದ ಹೊಲದವರಿಗೆ ಅದರ ಮೂಲ ಬಾಟಲಿಯಲ್ಲೇ ಹೋಗಲಿ, ಶರಬತ್ತಿನ ಬಾಟಲಿಗೆ ಬಗ್ಗಿಸಿ ಕೊಡಬೇಡಿ. ಖಾಲಿಯಾದ ಬಾಟಲಿಗೆ ಕಾಲುಭಾಗ ನೀರು ಹಾಕಿ, ಮುಚ್ಚಿ, ಅಲ್ಲಾಡಿಸಿ, ಆ ನೀರನ್ನು ಸಿಂಪಡಿಸುವ ಪಂಪಿಗೇ ಸುರಿಯಿರಿ. ಹೀಗೆ ಮೂರು ಸಲ. ನೀವು ರೊಕ್ಕ ಕೊಟ್ಟು ತಂದ ಔಷಧ ಅದು, ಹಳ್ಳಕ್ಕೆ ಏಕೆ ಚೆಲ್ಲುತ್ತೀರಿ? ಆಮೇಲೆ ತಳಕ್ಕೆ ಮೊಳೆ ಹೊಡೆದುಬಿಡಿ, ಮತ್ತೆ ಅದರಲ್ಲಿ ಯಾರೂ ಏನೂ ತುಂಬಲಾರರು. ಸುಡಬೇಡಿ. ಸಿಮೆಂಟಿನ ಭಟ್ಟಿಯಲ್ಲಿ 1400 ಡಿಗ್ರಿ ಮೀರಿದ ಶಾಖ ಇರುತ್ತದೆ, ಇಂಥ ಪ್ಲಾಸ್ಟಿಕ್ ಅಲ್ಲಿ ಪೂರ್ತಿ ಉರಿಯುತ್ತದೆ. ಹಿತ್ತಿಲ ಬೆಂಕಿಗೆ ಅಂಥ ಶಾಖ ಇಲ್ಲ.

ಟ್ಯೂಬು ಒಡೆದರೆ ಮೊದಲು ಮಕ್ಕಳನ್ನು ಹೊರಗೆ ಕಳಿಸಿ, ಬಾಗಿಲು ಕಿಟಕಿ ತೆರೆದು ಕಾಲು ಗಂಟೆ ಬಿಡಿ. ಕಸಬರಿಗೆ ಹಿಡಿದರೆ ಪಾದರಸದ ಪುಡಿ ಮನೆ ತುಂಬ ಹಾರುತ್ತದೆ. ಎರಡು ರಟ್ಟಿನ ತುಂಡಿನಿಂದ ಎತ್ತಿ, ಉಳಿದ ಪುಡಿಯನ್ನು ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಗಾಜಿನ ಬರಣಿಗೆ ಹಾಕಿ. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಚುಚ್ಚಬೇಡಿ, ಕಸದ ಗಾಡಿಗೆ ಹಾಕಬೇಡಿ, ಅದು ಗಾಡಿಯಲ್ಲೇ ಹೊತ್ತಿಕೊಳ್ಳಬಹುದು. ಅದರ ಲೋಹದ ತುದಿಗಳಿಗೆ ಟೇಪು ಸುತ್ತಿ ಒಣ ಮರಳಿನ ಡಬ್ಬಿಯಲ್ಲಿಡಿ. ಆಟಿಕೆ, ರಿಮೋಟು, ಕೈಗಡಿಯಾರದ ಗುಂಡಿಯಂಥ ಸೆಲ್ಲನ್ನು ಕೂಸು ನುಂಗಿದರೆ ಎರಡೇ ತಾಸಿನಲ್ಲಿ ಅನ್ನನಾಳ ಸುಡಬಹುದು. ಬಾಳೆಹಣ್ಣು ತಿನ್ನಿಸಿ ಬೆಳಗಿನವರೆಗೆ ಕಾಯುವುದಲ್ಲ, ಆ ಕ್ಷಣವೇ ಗಾಡಿ ಹತ್ತಿಸಿ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

ಇನ್ನು ಊರು ಮಾಡಬೇಕಾದ್ದು. ಇದಕ್ಕೆ ಹೊಸದಾಗಿ ಏನೂ ಕಟ್ಟಬೇಕಾಗಿಲ್ಲ, ಇರುವ ದಾರಿಗಳಿಗೆ ಇದನ್ನು ಸೇರಿಸಬೇಕು. ಸರಕಾರಿ ದವಾಖಾನೆಗಳಲ್ಲಿ ಹಳದಿ ಚೀಲ ಇರುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಅವಧಿ ಮುಗಿದ ಔಷಧ ಆ ಚೀಲಕ್ಕೆ ಸೇರುತ್ತದೆ. ಮನೆಮನೆಯ ಹಳೆಯ ಗುಳಿಗಿಯನ್ನೂ ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆಯರ ಕೈಯಿಂದ ಅಲ್ಲಿಗೆ ಮುಟ್ಟಿಸಲು ಜಿಲ್ಲಾ ಆರೋಗ್ಯಾಧಿಕಾರಿಗಳ ಒಂದು ಆದೇಶ ಸಾಕು. ಪಂಚಾಯತಿಗಳ ‘ಸ್ವಚ್ಛ ವಾಹಿನಿ’ ಗಾಡಿಯನ್ನು ನಮ್ಮ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಓಡಿಸುತ್ತಿದ್ದಾರೆ. ಅವರಿಗೆ ಕೈಗವಸು, ಗಾಡಿಗೆ ಒಂದು ಬೀಗದ ಪೆಟ್ಟಿಗೆ, ಒಣಕಸದ ಶೆಡ್ಡಿನಲ್ಲಿ ಸಿಮೆಂಟ್ ನೆಲದ, ಮಳೆ ಸಿಡಿಯದ ಒಂದು ಮೂಲೆ ಬೇಕು. ಒಂದು ಪಂಚಾಯತಿಯ ಬಲ್ಬು, ಫೋನು ಒಂದು ಲೋಡ್ ಆಗುವುದಿಲ್ಲ. ತಾಲೂಕಿನ ಎಲ್ಲ ಪಂಚಾಯತಿಯದು ಕೂಡಿದರೆ ಆಗುತ್ತದೆ, ಆಗ ಪರವಾನಗಿ ಪಡೆದ ಕಂಪನಿಗೆ ಬಂದು ಒಯ್ಯಲು ತಾಲೂಕು ಪಂಚಾಯತಿ ಪತ್ರ ಬರೆಯಬಹುದು. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ ಸುತ್ತಲಿನ ಹತ್ತಾರು ಪಂಚಾಯತಿಗಳ ಒಣಕಸ ಒಂದೇ ಘಟಕಕ್ಕೆ ಬಂದು ವಿಂಗಡಣೆಯಾಗುತ್ತದೆ. ಹಳ್ಳಿಗಳು ಕೂಡಿದರೆ ಕೆಲಸ ಆಗುತ್ತದೆ ಎಂಬುದಕ್ಕೆ ಅಲ್ಲಿಗೆ ಒಮ್ಮೆ ಹೋಗಿ ನೋಡಿ ಬನ್ನಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಪ್ರತಿ ವರ್ಷ ಲಕ್ಷಗಟ್ಟಲೆ ರೈತರು ಬರುತ್ತಾರೆ, ಕೀಟನಾಶಕ ಕಂಪನಿಗಳು ಮಳಿಗೆ ಹಾಕಿ ಟೊಪ್ಪಿಗೆ, ಚೀಲ ಹಂಚುತ್ತವೆ. ಅದೇ ಮಳಿಗೆಯ ಮುಂದೆ ತೊಳೆದ ಖಾಲಿ ಡಬ್ಬಿ ವಾಪಸು ತೆಗೆದುಕೊಳ್ಳುವ ಒಂದು ಕಟ್ಟೆಯನ್ನೂ ಇಡಿ ಎಂದು ವಿಶ್ವವಿದ್ಯಾಲಯ ಷರತ್ತು ಹಾಕಲಿ. ಚೀಲ ಹಂಚಲು ಆಳು ಇದ್ದವರಿಗೆ ಡಬ್ಬಿ ಎಣಿಸಲು ಆಳು ಸಿಗುತ್ತಾರೆ.

ಇದಕ್ಕೆಲ್ಲ ಮೊದಲ ಹೆಜ್ಜೆ ಗ್ರಾಮಸಭೆಯ ಠರಾವು. ‘ಸ್ವಚ್ಛತೆ ಕಾಪಾಡಬೇಕು’ ಎಂಬ ಗುಂಡು ಮಾತಿನ ಠರಾವು ಬರೆಸಬೇಡಿ, ಅದಕ್ಕೆ ಯಾರೂ ಉತ್ತರ ಕೊಡಬೇಕಾಗುವುದಿಲ್ಲ. ಶೆಡ್ಡಿನ ಯಾವ ಮೂಲೆ, ಕೀಲಿ ಯಾರ ಹತ್ತಿರ, ಗಾಡಿ ಯಾವ ವಾರ, ಗೊಬ್ಬರದಂಗಡಿಯವರು ಬಿಲ್ಲಿನ ಹಿಂದೆ ಏನು ಮುದ್ರೆ ಒತ್ತಬೇಕು, ಡಬ್ಬಿಗೆ ಎಷ್ಟು ಠೇವಣಿ, ಬಲ್ಬು ಎತ್ತುವ ಹೆಣ್ಣುಮಕ್ಕಳಿಗೆ ಹೆಚ್ಚಿನ ಪಗಾರ ಎಷ್ಟು ಎಂದು ಬರೆಸಿ. ತಾಲೂಕಿಗೆ, ಜಿಲ್ಲಾ ಪಂಚಾಯತಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಂದೊಂದು ಪ್ರತಿ ಕಳಿಸಿ, ಸ್ವೀಕೃತಿ ತೆಗೆದುಕೊಳ್ಳಿ. ಇದನ್ನು ಮುಂಗಾರಿನ ಬಿತ್ತನೆಗೆ ಮೊದಲೇ ಮಾಡಬೇಕು. ಎಣ್ಣಿ ಹೊಡೆಯುವ ಹಂಗಾಮು ಮುಗಿದ ಮೇಲೆ ಠರಾವು ಮಾಡಿದರೆ ಆ ವರ್ಷದ ಡಬ್ಬಿಗಳು ಅಷ್ಟೊತ್ತಿಗೆ ಬದುವಿನಲ್ಲಿ ಬಿದ್ದಿರುತ್ತವೆ.